ಬಡಗಣ ಬಾಗಿಲಿಗೆ ತಲುಪದ ಆಟ

೨೦೦೩ನೆಯ ಇಸವಿ ಆಗಸ್ಟ್ ೧೫, ಶುಕ್ರವಾರ. ಆಧಾರ: ನನ್ನ ಮೇಜಿನ ಮೇಲಿರುವ ಎರಡು ಕ್ಯಾಸೆಟ್ಟುಗಳಿಗೆ ಅಂಟಿಸಿದ ಚೀಟಿ. ಅಕ್ಷರ ನನ್ನದೇ. ಚೀಟಿಯಲ್ಲಿ ತಾರೀಖು ಮಾತ್ರ ಇದೆ, ವಾರವಿಲ್ಲ. ಅದನ್ನು ಆ ವರ್ಷದ ಗೋಡೆ ಪಂಚಾಂಗದಲ್ಲಿ ನೋಡಿ ಸೇರಿಸಿದ್ದೇನೆ. ಕ್ಯಾಸೆಟ್ಟುಗಳನ್ನು ನಾನಿನ್ನೂ ಹಾಕಿ ಕೇಳಿಲ್ಲ. ಈ ಊರಿನ ಕೆರೆಗಳ ಚರಿತ್ರೆಯನ್ನು ಹುಡುಕುವುದರಲ್ಲೇ ನನ್ನ ವೃತ್ತಿಜೀವನ ಕಳೆಯಿತು. ಹಿರಿಯರ ಹೇಳಿಕೆಯನ್ನು ಮೊದಲು ಪೂರ್ತಿಯಾಗಿ ಬರೆದುಕೊಂಡು, ಆಮೇಲಷ್ಟೇ ದಾಖಲೆ ತೆಗೆದು ತಾಳೆ ನೋಡುವುದು ನಾನು ಪಾಲಿಸಿಕೊಂಡು ಬಂದ ಕ್ರಮ. ದಾಖಲೆಯನ್ನು ಮೊದಲೇ ನೋಡಿದರೆ ನೆನಪು ಅದಕ್ಕೆ ತಕ್ಕಂತೆ ಬಗ್ಗಿಬಿಡುತ್ತದೆ. ಈ ಸಲ ಹೇಳಿಕೆ ಕೊಡುತ್ತಿರುವವನು ನಾನೇ ಆದ್ದರಿಂದ ಕ್ರಮವನ್ನು ಸಡಿಲಿಸುವುದು ಇನ್ನೂ ಸರಿಯಲ್ಲ.

ಆ ದಿನ ನನ್ನ ಸ್ನೇಹಿತರೊಬ್ಬರು ತಮ್ಮ ಸ್ವಂತ ಧ್ವನಿಯಲ್ಲಿ ಕೊನೆಯ ಸಲ ಆಟ ನಡೆಸಿದರು. ಮುಂದಿನ ಮಂಗಳವಾರ ಅವರ ಧ್ವನಿಪೆಟ್ಟಿಗೆಯನ್ನು ತೆಗೆಯುವುದೆಂದು ವೈದ್ಯರು ನಿಶ್ಚಯಿಸಿದ್ದರು. ಆರು ವರ್ಷ ಅವರು ನಡೆಸಿಕೊಂಡು ಬಂದ ಕಥೆಯ ಕೊನೆಯನ್ನು ಆ ಒಂದೇ ದಿನದಲ್ಲಿ ಹೇಳಿ ಮುಗಿಸಬೇಕಾಗಿತ್ತು. ಮುಗಿಯಲಿಲ್ಲ. ಏಕೆ ಮುಗಿಯಲಿಲ್ಲ ಎಂಬುದನ್ನು, ನನಗೆ ನೆನಪಿರುವಂತೆ, ಇಲ್ಲಿ ಬರೆಯುತ್ತೇನೆ.

ಅವರು ಬಿಳೇಕಹಳ್ಳಿಯ ಹಳೆಯ ಮನೆತನದವರು. ತಾತನ ಕಾಲದ ರಾಗಿ ಹೊಲಗಳು ಸೈಟುಗಳಾಗಿದ್ದವು. ಉಳಿದದ್ದರಲ್ಲಿ ಬಾಡಿಗೆಗೆಂದು ಕಟ್ಟಿದ ಮನೆಗಳು ಮತ್ತು ಬನ್ನೇರುಘಟ್ಟ ರಸ್ತೆಯಿಂದ ಒಳಗೆ ತಿರುಗುವಲ್ಲಿ ಒಂದು ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿ. ಕೆರೆಯ ತೂಬು ಎಲ್ಲಿತ್ತೆಂದು ಕೇಳುತ್ತ ನಾನು ಮೊದಲು ಅಲ್ಲಿಗೆ ಹೋದದ್ದು ೧೯೯೬ರಲ್ಲಿ. ಡಿಸ್ಟೆಂಪರ್ ಕಲಸುತ್ತಲೇ ಅವರು ತೂಬಿನ ಜಾಗ ಹೇಳಿದರು. ಹೇಳಿದ್ದು ಅವರಲ್ಲ ಎನ್ನಬೇಕು. ಅವರ ಬಾಯಿಂದ ಮೊದಲು ಅವರ ತಾತ ಮಾತಾಡಿದ, ಆಮೇಲೆ ನೀರು ಬಿಡುವ ನೀರಗಂಟಿ ಅಡ್ಡ ಬಾಯಿ ಹಾಕಿ ತಾತನನ್ನು ತಿದ್ದಿದ, ಇಬ್ಬರಿಗೂ ಜಗಳವಾಯಿತು. ಗಿರಾಕಿಗಳು ಬ್ರಷ್ ಹಿಡಿದುಕೊಂಡು ಕೇಳುತ್ತ ನಿಂತಿದ್ದರು. ನಾನು ಇಬ್ಬರ ಹೇಳಿಕೆಯನ್ನೂ ಬರೆದುಕೊಂಡೆ. ತೂಬು ನೀರಗಂಟಿ ಹೇಳಿದ ಕಡೆಯೇ ಇತ್ತೆಂದು ಆಮೇಲೆ ನಕ್ಷೆಯಿಂದ ಗೊತ್ತಾಯಿತು.

ಅವರ ಬಾಡಿಗೆ ಮನೆಯೊಂದರಲ್ಲಿ ಹತ್ತಿರದ ಆಡಳಿತ ಕಲಿಕೆಯ ಸಂಸ್ಥೆಯ ವಿದ್ಯಾರ್ಥಿಯೊಬ್ಬನಿದ್ದ. ಅವನು ಮನೆ ಖಾಲಿ ಮಾಡುವಾಗ ಒಂದು ಪೆಟ್ಟಿಗೆ ಬಿಟ್ಟುಹೋದ. ಅದರಲ್ಲಿ ಆಟದ ನಿಯಮಗಳ ದಪ್ಪ ಇಂಗ್ಲಿಷ್ ಪುಸ್ತಕವೊಂದು, ಮತ್ತು ನಾಲ್ಕು ಮುಖ, ಎಂಟು ಮುಖ, ಇಪ್ಪತ್ತು ಮುಖಗಳ ವಿಚಿತ್ರ ದಾಳಗಳು.

"ಸಾರ್, ನೀವು ಓದಿದೋರು, ಇದೇನು ನೋಡಿ. ಮಾಟ ಗೀಟ ಅಲ್ವಲ್ಲ?" ಎಂದು ಪೆಟ್ಟಿಗೆಯನ್ನು ನನ್ನ ಮುಂದಿಟ್ಟರು.

ನಾನು ಜಯನಗರದ ಮನೆಗೆ ಒಯ್ದು ಓದಿ, ಮರಳಿ ಬಂದು ವಿವರಿಸಿದೆ. ಒಬ್ಬರು ಒಂದು ಲೋಕವನ್ನು ಹೇಳುತ್ತಾರೆ. ಉಳಿದವರು ಆ ಲೋಕದಲ್ಲಿ ಒಬ್ಬೊಬ್ಬರಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳ ತೀರ್ಮಾನಿಸುತ್ತದೆ.

"ಅಂದ್ರೆ ಹರಿಕಥೆ ದಾಸರು ಹೇಳ್ತಿರುವಾಗ ನಡುವೆ ಎದ್ದು, ಸ್ವಾಮಿ, ನಾನು ಆ ಕಾಡಿಗೆ ಹೋಗಲ್ಲ ಅನ್ನಬಹುದು."

"ಅನ್ನಬಹುದು."

"ಸಖತ್ತಾಗಿದೆಯಲ್ಲ ಸಾರ್," ಎಂದರು. ಪುಸ್ತಕವನ್ನು ಅವರು ಮತ್ತೆ ತೆರೆದದ್ದನ್ನು ನಾನು ಕಾಣೆ.

ಮೊದಲ ಆಟ ೧೯೯೬ರಲ್ಲೇ ನಡೆಯಿತೆಂದು ನಾನು ಬಹುಕಾಲ ನಂಬಿದ್ದೆ. ಅದು ತಪ್ಪು. ಗದಗ ಕಡೆಯ ಹೆಣ್ಣುಮಗಳೊಬ್ಬಳು ಅವರ ಬಿಟಿಎಂ ಲೇಔಟಿನ ಮನೆಯ ಮಹಡಿಗೆ ಬಾಡಿಗೆಗೆ ಬಂದದ್ದು ೧೯೯೭ರಲ್ಲಿ, ವಿಮಾ ಕಚೇರಿಯೊಂದರ ಕೆಲಸಕ್ಕೆ ಸೇರಿದ ಮೇಲೆ. ಮೊದಲ ಆಟದಲ್ಲಿ ಅವಳಿದ್ದಳು. ಆದ್ದರಿಂದ ೧೯೯೭. ಮೂರನೆಯವರು ಸ್ನೇಹಿತರ ಹೆಂಡತಿ. ದೊಡ್ಡವರು ಕೂತು ಆಡುವ ಈ ಆಟ ಏನೆಂಬ ಕುತೂಹಲದಿಂದ ಕಾಫಿ ಕೊಡಲು ಬಂದವರು, ಬಾಗಿಲ ಬಳಿ ನಿಂತಲ್ಲಿಂದಲೇ ಸಲಹೆ ಕೊಡತೊಡಗಿ, ಕೊನೆಗೆ ಕುರ್ಚಿ ಎಳೆದುಕೊಂಡರು. ಅಂಗಡಿಯ ಮೇಲಿನ ಗೋದಾಮಿನಲ್ಲಿ, ಬಣ್ಣದ ಡಬ್ಬಿಗಳ ನಡುವೆ, ಭಾನುವಾರ ಮಧ್ಯಾಹ್ನ ನಾವು ಸೇರುತ್ತಿದ್ದೆವು. ದಾಳ ಉರುಳಿಸಲು ಒಂದು ಹಿತ್ತಾಳೆ ತಟ್ಟೆ ಇತ್ತು.

ಅವರು ಕಟ್ಟಿದ ಲೋಕದಲ್ಲಿ ಪರದೇಶದ ಅರಮನೆಗಳಿರಲಿಲ್ಲ. ಒಂದು ನಾಡು, ಅದರ ನಡುವೆ ಬತ್ತಿಹೋದ ಮಹಾ ಕೆರೆ. ಯಾರೋ ಅದರ ನೀರನ್ನು ಕದ್ದು, ದೂರದ ಕೋಟೆಯೊಂದರ ಬಡಗಣ ಬಾಗಿಲ ಹಿಂದೆ ಬೀಗ ಹಾಕಿ ಇಟ್ಟಿದ್ದಾರೆ. ಅದನ್ನು ಬಿಡಿಸಿಕೊಂಡು ಬರಲು ಮೂವರು ಹೊರಟಿದ್ದಾರೆ: ಲೆಕ್ಕ ಬರೆಯುವ ಶ್ಯಾನುಭೋಗ, ಕುದುರೆ ಏರಿದ ಕತ್ತಿವರಸೆಗಾತಿ, ಬುತ್ತಿ ಕಟ್ಟಿಕೊಂಡ ಅಡುಗೆಯವಳು. ಯಾರು ಯಾವ ಪಾತ್ರವೆಂದು ಹೇಳಬೇಕಾಗಿಲ್ಲ. ಬಾಗಿಲ ಹಿಂದೆ ನೀರಿದೆಯೋ, ಕದ್ದವರು ಯಾರೋ, ಆಟ ನಡೆಸುವ ಸ್ನೇಹಿತರಿಗೆ ಮಾತ್ರ ಗೊತ್ತಿತ್ತು.

ದಾರಿಯಲ್ಲಿ ಎದುರಾದವರೆಲ್ಲರೂ ನಮ್ಮ ಬೀದಿಗಳ ಧ್ವನಿಯಲ್ಲಿ ಮಾತಾಡುತ್ತಿದ್ದರು. ಹೊಳೆ ದಾಟಿಸುವ ಅಂಬಿಗ, ಅರೆಕೆರೆ ಕಡೆ ಹಳೇ ಪೇಪರ್ ಕೊಳ್ಳುವವನಂತೆ ತಮಿಳು ಬೆರೆಸಿ ರಾಗ ಎಳೆಯುತ್ತಿದ್ದ. ರಾಕ್ಷಸ ಬಾಡಿಗೆ ಏರಿಸಲು ಬಂದ ಮಾಲೀಕನಂತೆ ಅತಿ ವಿನಯದವನು: "ತಪ್ಪು ತಿಳ್ಕೋಬೇಡಿ ಸಾರ್, ನಿಮ್ಮನ್ನ ತಿನ್ನಲೇಬೇಕಾಗಿದೆ." ಕೋಟೆಗಳ ಕಾವಲಿನವರೆಲ್ಲ ಕಚೇರಿಯ ಗುಮಾಸ್ತರು, ಏನು ಕೇಳಿದರೂ ಅವರದು ಒಂದೇ ಉತ್ತರ, "ಸಾಹೇಬ್ರು ಊಟಕ್ಕೆ ಹೋಗಿದಾರೆ. ಕೂತ್ಕೊಳ್ಳಿ." ನಾನು ತಾರೀಖುಗಳನ್ನು ಕೇಳದೆ ಇರಲಾರೆನಷ್ಟೆ. ಸೇತುವೆ ಕಟ್ಟಿದ್ದು ಯಾವ ರಾಜನ ಕಾಲದಲ್ಲಿ, ಹೋದ ತಿಂಗಳು ಬೇರೆ ಹೇಳಿದ್ದಿರಲ್ಲ ಎಂದರೆ, "ನೋಡಮ್ಮಾ, ಶ್ಯಾನುಭೋಗರಿಗೆ ರಾಕ್ಷಸನ ಜನ್ಮಪತ್ರಿಕೆ ಬೇಕಂತೆ" ಎಂದು ಗದಗಿನ ಹುಡುಗಿಗೆ ಹೇಳುತ್ತಿದ್ದರು.

"ಕೊಡ್ರಿ ಅಣ್ಣಾರ, ಝೆರಾಕ್ಸ್ ಮಾಡ್ಸಿ ಕೊಡ್ರಿ," ಎಂದು ಅವಳು ದನಿಗೂಡಿಸುತ್ತಿದ್ದಳು.

ಆ ಆಟಕ್ಕೆ ಅವರು ಮಾಡಿದ ನಿಯಮ ಒಂದೇ. ಮೇಜಿನ ಮೇಲೆ ಅಂಗೈ ಊರಿ ಆಟಗಾರ ಏನು ಹೇಳಿದನೋ ಅದು ನಡೆದಂತೆ. ಕೈ ಊರದೆ ಎಷ್ಟು ಹರಟಿದರೂ ಅದು ಬರಿಯ ಹರಟೆ. ಕೈ ಊರಿ ಹೇಳಿದ್ದನ್ನು ಆಡಿದವನೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಆಟ ನಡೆಸುವವರೂ ತಪ್ಪಿಸುವಂತಿಲ್ಲ. ಗೆದ್ದೆವೋ ಸೋತೆವೋ ಎಂಬುದು ದಾಳಕ್ಕೆ ಬಿಟ್ಟದ್ದು, ಆದರೆ ಹೊರಟದ್ದಂತೂ ಹೊರಟಂತೆ. ಒಮ್ಮೆ ಅವರ ಹೆಂಡತಿ, ನಮ್ಮ ಮೂವರ ವಾದ ಕೇಳಿ ಬೇಸತ್ತು, ಮೇಜಿನ ಮೇಲೆ ಕೈ ಬಡಿದು, "ಹಿಂಗೇ ಆಡ್ತಿದ್ರೆ ನಾನು ಈ ಬಾವಿಗೆ ಹಾರ್ಕೋತೀನಿ ಅಷ್ಟೇ" ಎಂದುಬಿಟ್ಟರು.

ಸ್ನೇಹಿತರು ಆ ಕೈಯನ್ನೇ ನೋಡುತ್ತಿದ್ದರು. "ಹಾರಿದ್ಲು," ಎಂದರು.

"ರೀ, ಮಾತಿಗೆ ಅಂದೆ."

"ಕೈ ಅಲ್ಲಿದೆ. ದಾಳ ಹಾಕು."

ಅಡುಗೆಯವಳ ಕಾಲು ಮುರಿಯಿತು. ಅವಳನ್ನು ಹೊತ್ತುಕೊಂಡು ನಾವು ಎಷ್ಟೋ ಭಾನುವಾರ ನಡೆದೆವು, ಅಷ್ಟು ದಿನವೂ ಗೋದಾಮಿಗೆ ಕಾಫಿ ಬರಲಿಲ್ಲ. ಆರು ವರ್ಷಗಳಲ್ಲಿ ಅವರು ಆ ನಿಯಮವನ್ನು ಮುರಿದ ಒಂದು ಪ್ರಸಂಗವೂ ನನಗೆ ನೆನಪಿಲ್ಲ.

೨೦೦೩ರ ಬೇಸಿಗೆಯಲ್ಲಿ ಅವರ ಗಂಟಲು ಒಡೆಯಿತು. ಥಿನ್ನರ್ ವಾಸನೆಗೆ ಹಾಗಾಗಿದೆ ಎಂದುಕೊಂಡು ಅಂಗಡಿಯ ಕಿಟಕಿಗಳನ್ನು ತೆರೆದಿಟ್ಟರು. ಮಳೆ ಹಿಡಿದರೂ ಸರಿಹೋಗಲಿಲ್ಲ. ಜುಲೈ ತಿಂಗಳಲ್ಲಿ ಪರೀಕ್ಷೆಗಳಾದವು. ಧ್ವನಿಪೆಟ್ಟಿಗೆ ಉಳಿಸಿದರೆ ಮನುಷ್ಯ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದನ್ನು ಅವರು ನಮಗೆ ತಿಳಿಸಿದ್ದು ಮೇಜಿನ ಬಳಿಯೇ, ಗುಮಾಸ್ತನ ಧ್ವನಿಯಲ್ಲಿ. ಯಾರೂ ನಗಲಿಲ್ಲ. ಆಗ ತಮ್ಮ ಧ್ವನಿಗೆ ಬಂದು, "ಬಾಗಿಲು ತೆಗೆದುಬಿಟ್ಟೇ ಆಸ್ಪತ್ರೆಗೆ ಹೋಗ್ತೀನಿ ಸಾರ್. ಬಾಕಿ ಇಟ್ಕೊಂಡು ಹೋಗಲ್ಲ," ಎಂದರು. ಅಂಗಡಿಗೆ ರಜೆ ಇದ್ದು, ಅವಳ ಕಚೇರಿಗೂ ರಜೆ ಇದ್ದ ದಿನವೆಂದು ಆಗಸ್ಟ್ ಹದಿನೈದನ್ನು ಗೊತ್ತು ಮಾಡಿದೆವು.

ಆ ಬೆಳಿಗ್ಗೆ ಅಂಗಡಿಯ ಹಿಂದಿನ ಮೈದಾನದಲ್ಲಿ ಧ್ವಜ ಹಾರಿ, ಮೈಕಿನಲ್ಲಿ ಮಕ್ಕಳ ಭಾಷಣ ಮುಗಿಯುವವರೆಗೆ ಕಾದು, ಆಟ ಶುರು ಮಾಡಿದೆವು. ಹಳ್ಳಿಗಳಲ್ಲಿ ಹೇಳಿಕೆ ಪಡೆಯಲು ಬಳಸುತ್ತಿದ್ದ ನನ್ನ ರೆಕಾರ್ಡರನ್ನು ಒಯ್ದಿದ್ದೆ. ಅವರ ಧ್ವನಿ ಎಲ್ಲಾದರೂ ಉಳಿಯಲಿ ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿತ್ತು. ಕ್ಯಾಸೆಟ್ಟುಗಳಿದ್ದುದು ಎರಡೇ. ಬೆಳಗಿನ ಆಟಕ್ಕೆ ಅವನ್ನು ಖರ್ಚು ಮಾಡದೆ, ಊಟ ಮುಗಿದು ನಾವು ಹೊಳೆಯ ದಡಕ್ಕೆ ಬಂದಾಗ ಗುಂಡಿ ಒತ್ತಿದೆ. ಆಚೆ ದಡದಲ್ಲಿ ಕೋಟೆ. ಕೋಟೆಗೆ ಬಡಗಣ ಬಾಗಿಲು.

ಇನ್ನು ಮುಂದಿನದು ನನಗೆ ನೆನಪಿರುವ ಬಗೆ.

ಅವರು ಆತುರದಲ್ಲಿದ್ದರು. "ಬಾಗಿಲಿಗೆ ಹೋಗೋಣ" ಎಂದು ಮೇಲಿಂದ ಮೇಲೆ ಹೇಳಿದರು. ನಾವು ಹೋಗಲಿಲ್ಲ. ಹುಡುಗಿ, "ಆ ಅಂಬಿಗನ್ನ ಇನ್ನೊಮ್ಮೆ ಮಾತಾಡಸ್ರಿ ಅಣ್ಣಾರ" ಎಂದು ಹಟ ಹಿಡಿದಳು. ಅಂಬಿಗ ಬಂದ, ರಾಗ ಎಳೆದ. ಆಚೆ ದಡದಲ್ಲಿ ಕಡಲೆಕಾಯಿ ಮಾರುವವಳೊಬ್ಬಳು ಕಂಡಾಗ ಅವರ ಹೆಂಡತಿ ಸೇರಿನ ಬೆಲೆ ಕೇಳಿ ಚೌಕಾಸಿಗೆ ಕೂತರು. ನಾನು ಕಾವಲು ಗುಮಾಸ್ತನನ್ನು ಕರೆಸಿ, ಬಾಗಿಲು ಕಟ್ಟಿದ ಕಾಲಕ್ಕೆ ಆಧಾರ ತೋರಿಸು ಎಂದು ಪಟ್ಟು ಹಿಡಿದೆ. ಒಬ್ಬೊಬ್ಬರಿಗೂ ಒಂದೊಂದು ಧ್ವನಿ ಇನ್ನೊಮ್ಮೆ ಬೇಕಾಗಿತ್ತು. ಒಡೆದ ಗಂಟಲಿನಿಂದ ಎಲ್ಲ ಧ್ವನಿಗಳೂ ಒಂದೇ ತೆರನಾಗಿ ಗೊಗ್ಗರಾಗಿದ್ದವು; ಆದರೂ ಎಳೆತದಿಂದ ಅಂಬಿಗನನ್ನು, ವಿನಯದಿಂದ ರಾಕ್ಷಸನನ್ನು ಗುರುತಿಸಬಹುದಿತ್ತು. ಹೊತ್ತು ಇಳಿಯಿತು. ಮಾತು ಬರಿಯ ಗಾಳಿಯಾಯಿತು. ಹೆಂಡತಿ ಬಿಸಿನೀರು ತಂದುಕೊಟ್ಟು, ಲೋಟ ಅವರ ಕೈಯಲ್ಲಿರುವಾಗಲೇ "ಸಾಕು" ಎಂದರು. ಸ್ನೇಹಿತರು ದಾಳಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿ, "ಇನ್ನೊಂದು ದಿನ" ಎಂದರು.

ಹೀಗೆ ನಾವು ಮೂವರೂ ಸೇರಿ, ಅವರ ಮೇಲಿನ ಪ್ರೀತಿಯಿಂದಲೇ, ಅವರು ಹೇಳಬೇಕೆಂದಿದ್ದ ಕೊನೆಯನ್ನು ಅವರಿಂದ ಕಿತ್ತುಕೊಂಡೆವು. ಇದು ನನ್ನ ಹೇಳಿಕೆ.

ಶಸ್ತ್ರಚಿಕಿತ್ಸೆ ಆಯಿತು. ಕತ್ತಿನಲ್ಲಿ ಉಸಿರಿಗೊಂದು ರಂಧ್ರ, ಅದರ ಮೇಲೆ ಹೆಂಡತಿ ಹೊಲಿದ ಬಿಳಿಯ ಬಟ್ಟೆ. ಅಂಗಡಿಯಲ್ಲಿ ಸ್ಲೇಟಿನ ಮೇಲೆ ಬರೆದು ವ್ಯಾಪಾರ ಮಾಡತೊಡಗಿದರು. ಅದೇ ವರ್ಷ ದೀಪಾವಳಿ ಕಳೆದ ಮೇಲೆ ಒಮ್ಮೆ ಮೇಜಿಗೆ ಕೂತೆವು. ಅವರು ಸ್ಲೇಟಿನಲ್ಲಿ ಬರೆಯುವುದು, ಹೆಂಡತಿ ಗಟ್ಟಿಯಾಗಿ ಓದುವುದು. ರಾಕ್ಷಸ ಬಂದ. ಅವನ ಮಾತನ್ನು ಹೆಂಡತಿ ಓದಿದರು. ಪಕ್ಕದ ಮನೆಯಿಂದ ಯಾರೋ ಮೊಸರಿಗೆ ಹೆಪ್ಪು ಕೇಳಲು ಬಂದ ಹಾಗಿತ್ತು. ಎರಡನೆಯ ಸಾಲಿನ ನಡುವೆ ನಿಲ್ಲಿಸಿ, ಸ್ಲೇಟನ್ನು ಮಗುಚಿಟ್ಟರು. ಸ್ನೇಹಿತರು ಹೆಂಡತಿಯ ಬೆನ್ನು ತಟ್ಟಿ, ಮೇಜನ್ನು ಮಡಚಿ ಗೋಡೆಗೆ ಒರಗಿಸಿದರು. ಅದಕ್ಕೂ ಮುಂಚೆಯೋ ಅದಾದ ಮೇಲೋ, ಬಾಗಿಲ ಹಿಂದೆ ಏನಿತ್ತೆಂದು ಬರೆದಾದರೂ ಕೊಡಿ ಎಂದು ನಾನು ಕೇಳಿದ್ದುಂಟು. "ಅದು ಬಾಯಲ್ಲಿ ಹೇಳೋದು ಸಾರ್" ಎಂದು ಬರೆದು, ಅಳಿಸಿದರು.

ಅವರನ್ನು ಆನ್‌ಲೈನ್ ಆಟಕ್ಕೆ ಎಳೆದುಕೊಂಡು ಹೋದದ್ದು ಗದಗಿನ ಹುಡುಗಿ. ಬಿಟಿಎಂ ಎರಡನೇ ಹಂತದ ಸೈಬರ್ ಕೆಫೆಯೊಂದರಲ್ಲಿ, ಕೋಟೆ, ಕಾಡು, ಮಾಂತ್ರಿಕರ ಆಟ. ಯಾವ ಯಾವುದೋ ಊರಿನ ನೂರಾರು ಜನ ಒಂದೇ ಹೊತ್ತಿನಲ್ಲಿ ಆ ಲೋಕದಲ್ಲಿ ಓಡಾಡುತ್ತಾರೆ, ಪರದೆಯ ಕೆಳಗಿನ ಪಟ್ಟಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಕನ್ನಡದ ಹುಡುಗರ ತಂಡವೊಂದಿತ್ತು. ನನ್ನ ಸ್ನೇಹಿತರು ಅದಕ್ಕೆ ಸೇರಿ, ಎರಡು ಬೆರಳಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟುತ್ತಿದ್ದರು. ಯುದ್ಧದಲ್ಲಿ ಅವರಷ್ಟು ಕೆಟ್ಟ ಆಟಗಾರ ಆ ತಂಡದಲ್ಲಿರಲಿಲ್ಲ. ಆದರೆ ಯುದ್ಧ ಮುಗಿದ ಮೇಲೆ ಹುಡುಗರೆಲ್ಲ ಸೇತುವೆಯ ಬಳಿ ಅವರಿಗಾಗಿ ಕಾಯುತ್ತಿದ್ದುದನ್ನು ನಾನು ಪಕ್ಕದ ಕುರ್ಚಿಯಲ್ಲಿ ಕೂತು ಕಂಡಿದ್ದೇನೆ. ಅವರು ಅಂಬಿಗನಾಗಿ ಏನೋ ಕುಟ್ಟುವರು. ಪಟ್ಟಿಯ ತುಂಬ ನಗು ಉಕ್ಕುವುದು. "ಮಗಾ ಎಲ್ಲಿದ್ಯೋ ಇಷ್ಟು ದಿನ" ಎಂದು ಯಾವನೋ ಬರೆದಾಗ, ಐವತ್ತು ದಾಟಿದ ಆ ಮನುಷ್ಯ ನನ್ನ ಕಡೆ ತಿರುಗಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಆಮೇಲೆ ಸ್ಲೇಟಿನಲ್ಲಿ: "ಇಲ್ಲಿ ಯಾರಿಗೂ ಗೊತ್ತಿಲ್ಲ."

ಅವರು ತೀರಿಕೊಂಡದ್ದು ೨೦೦೫ರಲ್ಲಿ, ಬೇಸಿಗೆ ಮುಗಿಯುತ್ತಿದ್ದಾಗ. ತಿಥಿಯನ್ನು ಅವರ ಹೆಂಡತಿಯಿಂದ ಕೇಳಿ ತಾರೀಖಿಗೆ ತಿರುಗಿಸಿಕೊಂಡಿದ್ದೇನೆ. ಇಲ್ಲಿ ಬರೆಯುವ ಅಗತ್ಯ ಕಾಣೆ. ಹದಿಮೂರನೆಯ ದಿನದ ಊಟವಾದ ಮೇಲೆ ಹುಡುಗಿ ಮತ್ತು ನಾನು ಕೆಫೆಗೆ ಹೋಗಿ ಆ ತಂಡಕ್ಕೆ ತಿಳಿಸಿದೆವು. ಒಬ್ಬ ಬರೆದ: "ಅಂಕಲ್ಲಾ? ಗೊತ್ತಿರ್ಲಿಲ್ಲ ಗುರು." ಇನ್ನೊಬ್ಬ: "ಅವ್ರ ವಾಯ್ಸ್ ಹೆಂಗಿತ್ತು?" ಅವಳು ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು ನನ್ನ ಮುಖ ನೋಡಿದಳು.

ಅವಳಿಗೆ ಊರ ಕಡೆಗೆ ವರ್ಗವಾಗಿ ಬಹಳ ವರ್ಷವಾಯಿತು. ಯುಗಾದಿಗೆ ಫೋನು ಮಾಡುತ್ತಾಳೆ. ಮಾತು ಎಲ್ಲಿ ಸುತ್ತಿದರೂ ಕೊನೆಗೆ ಅಲ್ಲಿಗೇ ಬರುತ್ತದೆ: "ನಾವ ತಡ ಮಾಡಿದ್ವಿ ಸರ. ನಾ ಆ ಅಂಬಿಗನ್ನ ಕರೀಬಾರದಿತ್ತು." ಅವರ ಹೆಂಡತಿ ಮಾತ್ರ ಇದನ್ನು ಆಡುವುದು ಅಪರೂಪ. ಒಮ್ಮೆ ಗಾಂಧಿಬಜಾರಿನಿಂದ ತಂದ ಹಸಿ ಕಡಲೆಕಾಯಿ ಒಯ್ದುಕೊಟ್ಟಾಗ ಚೀಲವನ್ನು ನೋಡಿ, "ಬೇಡ ಸಾರ್, ನಾನು ತಿನ್ನಲ್ಲ. ಆವತ್ತು ಅಷ್ಟೊತ್ತು ಚೌಕಾಸಿ ಮಾಡ್ದೆನಲ್ಲ," ಎಂದರು. ಕ್ಯಾಸೆಟ್ಟುಗಳನ್ನು ನನ್ನ ಬಳಿಯೇ ಇರಿಸಿದವರೂ ಅವರೇ. ಕಳೆದ ವಾರ ಮಾತ್ರ ಅವರಾಗಿಯೇ ಕೇಳಿದರು: "ಒಂದ್ಸಲ ಹಾಕ್ತೀರಾ ಸಾರ್? ಆದ್ರೆ ಮೊದ್ಲು ನೀವು ಕೇಳಿ. ನಾನು ಕೇಳೋ ಹಾಗಿದೆಯಾ ಹೇಳಿ."

ಅದಕ್ಕಾಗಿಯೇ ಇದನ್ನು ಬರೆಯಲು ಕೂತೆ. ಹೇಳಿಕೆ ಮುಗಿದಿದೆ. ರೆಕಾರ್ಡರಿನ ಸವೆದ ಬೆಲ್ಟನ್ನು ಜಯನಗರದ ರಿಪೇರಿ ಅಂಗಡಿಯಲ್ಲಿ ಬದಲಿಸಿಕೊಂಡು ಬಂದು, ಎರಡೂ ಕ್ಯಾಸೆಟ್ಟುಗಳನ್ನು ಪೂರ್ತಿಯಾಗಿ ಕೇಳಿದೆ; ತಪ್ಪಿ ಕೇಳಿರಬಹುದೆಂದು ಇನ್ನೊಮ್ಮೆ ಕೇಳಿದೆ. ದಾಖಲೆಯಲ್ಲಿ ಇರುವುದು ಹೀಗೆ.

ಹೊಳೆಯ ದಡದಲ್ಲಿ ಮೊದಲು ಮಾತಾಡುವವಳು ಹುಡುಗಿ. "ಅಂಬಿಗ ಬ್ಯಾಡ್ರಿ ಅಣ್ಣಾರ, ಕುದರಿ ಮ್ಯಾಲೆ ದಾಟ್ತೀವಿ. ಬಾಗಲಕ್ಕ ನಡೀರಿ." ಅಂಬಿಗ ತಾನಾಗಿ ಬರುತ್ತಾನೆ, ನೀರಿನ ಸುಳಿಯ ಬಗ್ಗೆ, ತನ್ನ ಅತ್ತೆಯ ಬಗ್ಗೆ, ತೂತಾದ ದೋಣಿಯ ಬಗ್ಗೆ ಬಹಳ ಹೊತ್ತು ಮಾತಾಡುತ್ತಾನೆ. ಆಚೆ ದಡದಲ್ಲಿ ಹೆಂಡತಿಯ ಧ್ವನಿ: "ಕಡಲೆಕಾಯಿ ಗಿಡಲೆಕಾಯಿ ಏನೂ ಬೇಡ. ನಿಮ್ಮ ಗಂಟ್ಲು ಹೋಗ್ತಿದೆ, ಬಾಗ್ಲು ತೆಗೀರಿ." ಅದಕ್ಕೆ ಮಾರುವವಳು: "ಬಾಗ್ಲು ಎಲ್ಲೂ ಹೋಗಲ್ಲ ಕಣಮ್ಮ. ಸೇರಿಗೆಷ್ಟು ಅಂತ ಕೇಳಲೇ ಇಲ್ವಲ್ಲ ನೀನು." ಬೆಲೆ ಹೇಳುವವಳೂ ಅವಳೇ, ಇಳಿಸುವವಳೂ ಅವಳೇ. ಚೌಕಾಸಿ ಉದ್ದಕ್ಕೂ ಒಂದೇ ಕಡೆಯದು.

"ಬಾಗಿಲಿಗೆ ಹೋಗೋಣ" ಎಂಬ ಮಾತು ಎರಡು ಕ್ಯಾಸೆಟ್ಟುಗಳಲ್ಲಿ ಎಲ್ಲಿಯೂ ಸ್ನೇಹಿತರ ಬಾಯಿಂದ ಬಂದಿಲ್ಲ. ಎರಡನೆಯ ಕ್ಯಾಸೆಟ್ಟಿನ ಹಿಂಬದಿಯಲ್ಲಿ ಮೇಜಿನ ಮೇಲೆ ಅಂಗೈ ಊರಿದ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ತಟ್ಟೆಯಲ್ಲಿದ್ದ ದಾಳಗಳು ಅಲುಗುತ್ತವೆ. "ಕೈ ಇಟ್ಟಿದ್ದೇನೆ. ನಾವು ಮೂವರೂ ಬಡಗಣ ಬಾಗಿಲಿಗೆ ಹೋಗುತ್ತೇವೆ." ಆ ಧ್ವನಿ ನನ್ನದು.

ನಿಯಮದ ಪ್ರಕಾರ ಆ ಕ್ಷಣದಲ್ಲಿ ನಾವು ಬಾಗಿಲಲ್ಲಿರಬೇಕು. ಆದರೆ ಗುರುತೇ ಸಿಗದಷ್ಟು ಸಣ್ಣದಾದ ಧ್ವನಿಯಲ್ಲಿ ಗುಮಾಸ್ತ ಹೇಳುತ್ತಾನೆ: "ಸಾಹೇಬ್ರು ಊಟಕ್ಕೆ ಹೋಗಿದಾರೆ. ಕೂತ್ಕೊಳ್ಳಿ."

ನಾವು ನಗುತ್ತೇವೆ. ಹುಡುಗಿಯ ನಗು ಇದೆ, ನನ್ನದಿದೆ. ಅವರ ಹೆಂಡತಿಯದು ಕೇಳಿಸುವುದಿಲ್ಲ. ಮೇಲೆ ಬರೆದ ಹೇಳಿಕೆಯನ್ನು ನಾನು ತಿದ್ದಿಲ್ಲ. ಅದು ದಾಖಲೆಗೆ ವಿರುದ್ಧವಾಗಿದೆ ಎಂದಷ್ಟೇ ಗುರುತಿಸಿದ್ದೇನೆ. ಆ ನಗುವಿನ ನಂತರವೂ ಕ್ಯಾಸೆಟ್ಟು ಬಹಳ ಹೊತ್ತು ಓಡುತ್ತದೆ. ಅಂಬಿಗ ಬರುತ್ತಾನೆ, ರಾಕ್ಷಸ ಬರುತ್ತಾನೆ, ತೂಬಿನ ಬಳಿಯ ಆ ಹಳೆಯ ನೀರಗಂಟಿಯೂ ಒಮ್ಮೆ ಬಂದು ಹೋಗುತ್ತಾನೆ. ಬಾಗಿಲಿನ ಮಾತು ಮತ್ತೆ ಬರುವುದಿಲ್ಲ.